ಲಾರ್ಸ್ ಲೆವಿ ಲೆಸ್ಟಾಡಿಯಸ್: ಉತ್ತರದ ಕಾಡಲ್ಲಿ ಕಳೆದ ಬಾಲ್ಯ (ಅಧ್ಯಯನ ಟಿಪ್ಪಣಿ)

ಲೆಸ್ಟಾಡಿಯಸ್ ಅಂದ್ರೆ ಸ್ವೀಡನ್ನಿನ ಉತ್ತರದಲ್ಲಿದ್ದ ಲೂಥರನ್ ಪಾದ್ರಿ, ಸಸ್ಯಶಾಸ್ತ್ರಜ್ಞ ಕೂಡ. ಅವರ ಬಗ್ಗೆ ಓದೋರು ಹೆಚ್ಚಿನವರು 1840ರ ದಶಕದಲ್ಲಿ ಅವರಿಂದ ಶುರುವಾದ ಧಾರ್ಮಿಕ ಉಜ್ಜೀವನದಿಂದಲೇ (ಜನರಲ್ಲಿ ಭಕ್ತಿ ಮತ್ತೆ ಎಚ್ಚೆತ್ತ ಚಳವಳಿ) ಶುರು ಮಾಡ್ತಾರೆ. ಪ್ರಸಂಗಗಳು (ಚರ್ಚಿನಲ್ಲಿ ಮಾಡೋ ಉಪದೇಶ), ಸಾರಾಯಿ ವಿರುದ್ಧದ ಹೋರಾಟ, ಆಮೇಲೆ ಹುಟ್ಟಿಕೊಂಡ ಪಂಥ, ಹೀಗೆ. ಆದ್ರೆ ಅವರ ಅಪ್ಪ ಅಮ್ಮ ಅಣ್ಣ ಯಾರು, ಮನೆ ಹೇಗಿತ್ತು ಅಂತ ಮೊದಲು ತಿಳ್ಕೊಂಡ್ರೆ ಮುಂದಿನದೆಲ್ಲ ತುಂಬಾ ಚೆನ್ನಾಗಿ ಅರ್ಥ ಆಗುತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಅದಕ್ಕೆ ಈ ಟಿಪ್ಪಣಿಯಲ್ಲಿ ಬಾಲ್ಯಕ್ಕೇ ಜಾಸ್ತಿ ಜಾಗ ಕೊಟ್ಟಿದೀನಿ.

ಮೊದಲು ಜಾಗ. ಹುಟ್ಟಿದ್ದು 1800ರ ಜನವರಿ 10, ಸ್ವೀಡನ್ನಿನ ಲ್ಯಾಪ್‌ಲ್ಯಾಂಡ್ ಭಾಗದ ಯೆಕ್‌ವಿಕ್ ಅನ್ನೋ ಚಿಕ್ಕ ನೆಲೆಯಲ್ಲಿ, ಆರ್ಯೆಪ್ಲೂಗ್ ಸಭೆಗೆ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಸೇರಿದ ಜಾಗ ಅದು. ಮ್ಯಾಪ್ ತೆಗೆದು ನೋಡಿ, ಆರ್ಕ್‌ಟಿಕ್ ವೃತ್ತಕ್ಕೆ ಸ್ವಲ್ಪವೇ ಕೆಳಗೆ ಬರುತ್ತೆ, ಪಶ್ಚಿಮಕ್ಕೆ ನಾರ್ವೆಯ ಬೆಟ್ಟಸಾಲು, ಸುತ್ತ ಸರೋವರ, ಬರ್ಚ್ ಮರ, ಜೌಗು. ಹಿಮಸಾರಂಗ ಮೇಯಿಸೋ ಮೂಲನಿವಾಸಿ ಸಾಮಿ ಜನರ ನಾಡು. ತೆರಿಗೆ ವಿನಾಯಿತಿ ಕೊಟ್ಟು ಸರ್ಕಾರ ಅಲ್ಲಿಗೆ ಹೊರಗಿನ ರೈತರನ್ನ ಕರೆದು ಕೂರಿಸ್ತಿತ್ತು, 1673ರಿಂದಲೇ ಅಂಥ ಆದೇಶಗಳಿದ್ವು. ಆದ್ರೆ ಆ ಚಳಿಯಲ್ಲಿ ಧಾನ್ಯ ಬೆಳೆಯೋದು ಅಂದ್ರೆ ಅದೃಷ್ಟದ ಮಾತು, ಹಾಗಾಗಿ ಮೀನು, ಬೇಟೆ, ಜೌಗಲ್ಲಿ ಕೊಯ್ದ ಹುಲ್ಲು ತಿಂದು ಬದುಕೋ ಒಂದೆರಡು ಹಸು ಮೇಕೆ ಇಷ್ಟರಲ್ಲೇ ಜೀವನ. ಬರ ಬಂದ ವರ್ಷ ಪೈನ್ ಮರದ ಒಳತೊಗಟೆ ಒಣಗಿಸಿ ಪುಡಿ ಮಾಡಿ ಹಿಟ್ಟಿಗೆ ಬೆರೆಸಿ ರೊಟ್ಟಿ ಮಾಡ್ತಿದ್ರು ಆ ಉತ್ತರದ ಜನ.

ಲೆಸ್ಟಾಡಿಯಸ್ ಅನ್ನೋದು ತಲೆಮಾರುಗಳಿಂದ ಪಾದ್ರಿಗಳ ಮನೆತನ, ವಂಶದಲ್ಲಿ ಸಾಮಿ ಮೂಲವೂ ಬೆರೆತಿತ್ತು. ಆದ್ರೆ ಅಪ್ಪ ಕಾರ್ಲ್ ಪಾದ್ರಿ ಆಗ್ಲಿಲ್ಲ. ನಾಸಾಫೆಲ್ ಬೆಳ್ಳಿ ಗಣಿಯಲ್ಲಿ ಅಧಿಕಾರಿಯಾಗಿದ್ದ, ಆ ಕೆಲಸ ಹೋದ ಮೇಲೆ ಕಾಡಲ್ಲಿ ನೆಲೆ ನಿಂತು ಬೇಟೆ, ಮೀನು, ಮರ ಸುಟ್ಟು ಟಾರು ತೆಗೆಯೋದು ಅಂತ ಸಿಕ್ಕಿದ್ದು ಮಾಡ್ಕೊಂಡಿದ್ದ. ಈ ಗಣಿಯ ಹೆಸರು ನೆನಪಿಟ್ಕೊಳ್ಳಿ, 1630ರ ದಶಕದಲ್ಲಿ ಅದು ಶುರುವಾದಾಗ ಸಾಮಿ ಜನರನ್ನ ಬಲವಂತವಾಗಿ ದುಡಿಸಿ ಅವರ ಹಿಮಸಾರಂಗಗಳ ಮೇಲೆ ಅದಿರು ಸಾಗಿಸಿದ ಕೆಟ್ಟ ಇತಿಹಾಸ ಅದಕ್ಕಿದೆ. ಅಪ್ಪ ದಿನಗಟ್ಟಲೆ ಮನೆಯಲ್ಲಿ ಇರ್ತಿರಲಿಲ್ಲ, ಇದ್ದಾಗ ಕುಡಿತ, ಕುಡಿದ್ರೆ ಸಿಟ್ಟು. ಅಮ್ಮ ಅನ್ನಾ ಮಗ್ದಲೇನಾ ಅವನ ಎರಡನೇ ಹೆಂಡತಿ. ಮನೆಯ ಭಾರವೆಲ್ಲ ಹೊತ್ತಿದ್ದು ಆಕೆ. ದೊಡ್ಡವನಾದ ಮೇಲೆ ಮಗ ಬಾಲ್ಯ ನೆನೆದಾಗೆಲ್ಲ ಮುಂದೆ ಬರೋದು ಆ ತಾಯಿಯ ಕಣ್ಣೀರು, ತಾಳ್ಮೆ, ಪ್ರಾರ್ಥನೆ. ತಮ್ಮ ಪೇಟ್ರುಸ್ ಹುಟ್ಟಿದ್ದು 1802ರಲ್ಲಿ, ಈ ಇಬ್ಬರು ಹುಡುಗರು ಒಟ್ಟಿಗೇ ಬೆಳೆದ್ರು, ಸುತ್ತ ಎಲ್ಲ ಸಾಮಿ ಭಾಷೆ ಕಿವಿಗೆ ಬೀಳ್ತಾನೇ ಇತ್ತು.

ತಿರುವು ಬಂದಿದ್ದು ಮಲಅಣ್ಣನಿಂದ. ಅಪ್ಪನ ಮೊದಲ ಹೆಂಡತಿಯ ಮಗ ಕಾರ್ಲ್ ಎರಿಕ್, ಕ್ವಿಕ್‌ಯೊಕ್‌ನಲ್ಲಿ ಪಾದ್ರಿ. 1808ರ ಸುಮಾರಿಗೆ ಈ ಹುಡುಗರನ್ನ ತನ್ನ ಹತ್ರ ಇಟ್ಕೊಂಡ. ಈ ಅಣ್ಣನನ್ನ ಪುಸ್ತಕಗಳು ಒಂದೇ ಸಾಲಲ್ಲಿ ಮುಗಿಸಿಬಿಡ್ತವೆ, ನನಗದು ಸರಿ ಅನ್ಸಲ್ಲ, ಯಾಕಂದ್ರೆ ಹುಡುಗರಿಗೆ ಅಕ್ಷರ, ಶಿಸ್ತು, ಮುಂದಿನ ಓದಿನ ದಾರಿ ಎಲ್ಲ ಸಿಕ್ಕಿದ್ದು ಇವನಿಂದ, ಜೊತೆಗೆ ಗಿಡಗಳ ಹುಚ್ಚು ಕೂಡ ಇವನಿಂದಲೇ ಬಂತು. ಕ್ವಿಕ್‌ಯೊಕ್ ಸುತ್ತಮುತ್ತಲ ಬೆಟ್ಟಗಳು ಅಪರೂಪದ ಸಸ್ಯಗಳಿಗೆ ಹೆಸರುವಾಸಿ, 1732ರಲ್ಲಿ ಹೆಸರಾಂತ ಸಸ್ಯಶಾಸ್ತ್ರಜ್ಞ ಲಿನೇಯಸ್ ಕೂಡ ತನ್ನ ಲ್ಯಾಪ್‌ಲ್ಯಾಂಡ್ ಪ್ರವಾಸದಲ್ಲಿ ಅಲ್ಲಿಗೆ ಬಂದಿದ್ದ. ಚಳಿಗಾಲದಲ್ಲಿ ಸೂರ್ಯನನ್ನೇ ಕಾಣದೆ ಕಳೆದು, ಬೇಸಿಗೆಯಲ್ಲಿ ರಾತ್ರಿಯೂ ಬೆಳಕಿರೋ ಕೆಲವೇ ವಾರಗಳಲ್ಲಿ ಬೆಟ್ಟವೆಲ್ಲ ಹೂ ಬಿಡೋದನ್ನ ಕಂಡ ಹುಡುಗ ಸಸ್ಯಶಾಸ್ತ್ರಕ್ಕೆ ಮನಸೋತಿದ್ದು ಆಶ್ಚರ್ಯ ಅಲ್ಲ.

1816ರಲ್ಲಿ ಅಣ್ಣತಮ್ಮ ಇಬ್ರೂ ಹೆರ್ನೊಸಾಂಡ್ ಊರಿನ ಶಾಲೆಗೆ ಸೇರಿದ್ರು. ಮರುವರ್ಷವೇ ಕಾರ್ಲ್ ಎರಿಕ್ ತೀರಿಕೊಂಡ, ದುಡ್ಡಿನ ಆಸರೆಯೂ ಹೋಯ್ತು. ಆದ್ರೂ ಓದು ಬಿಡಲಿಲ್ಲ, 1820ರಲ್ಲಿ ಉಪ್ಸಾಲ ವಿಶ್ವವಿದ್ಯಾಲಯ. ಅಲ್ಲಿ ಲಾರ್ಸ್ ಸಸ್ಯಶಾಸ್ತ್ರ ವಿಭಾಗದಲ್ಲಿ ಸಹಾಯಕನಾದ, ವಿಜ್ಞಾನ ಅಕಾಡೆಮಿ ಖರ್ಚು ಕೊಟ್ಟು ಗಿಡ ಸಂಗ್ರಹಿಸೋಕೆ ಕಳಿಸ್ತು. 1825ರಲ್ಲಿ ಪಾದ್ರಿ ದೀಕ್ಷೆ. ಮರುವರ್ಷ ಕರೆಸುವಾಂಡೊ, ಸ್ವೀಡನ್ನಿನ ತುತ್ತತುದಿಯ ಸಭೆ, ಮುವೊನಿಯೊ ನದಿ ದಂಡೆಯಲ್ಲಿ. 1809ರಲ್ಲಿ ಫಿನ್‌ಲ್ಯಾಂಡ್ ರಷ್ಯಾ ಪಾಲಾದ ಮೇಲೆ ಆ ನದಿಯೇ ಗಡಿ.

ಅಲ್ಲಿ ಅವರದ್ದೇ ಸಂಸಾರ. ಹೆಂಡತಿ ಬ್ರಿಟಾ ಕಟರೀನಾ, ಕ್ವಿಕ್‌ಯೊಕ್ ಕಡೆಯ ಸಾಮಿ ಹೆಣ್ಣುಮಗಳು, ಚಿಕ್ಕಂದಿನಿಂದ ಗೊತ್ತಿದ್ದವರು. ಡಜನ್‌ಗೂ ಮೇಲೆ ಮಕ್ಕಳು. ಅವರಿದ್ದ ಪುಟ್ಟ ಮರದ ದಿಮ್ಮಿಯ ಮನೆ ಇವತ್ತಿಗೂ ಕರೆಸುವಾಂಡೊದಲ್ಲಿ ಉಳಿಸಿದಾರೆ, ಅದರ ಫೋಟೊ ಹುಡುಕಿ ನೋಡಿ, ಅಷ್ಟು ಚಿಕ್ಕ ಜಾಗದಲ್ಲಿ ಇದ್ಕೊಂಡು ಫ್ರೆಂಚರ ಲಾ ರೆಶರ್ಶ್ ವೈಜ್ಞಾನಿಕ ಯಾತ್ರೆಯವರಿಗೆ 1838ರಲ್ಲಿ ದಾರಿ ತೋರಿಸಿ, ಅವರು ಕೇಳಿದ್ರು ಅಂತ ಸಾಮಿ ಪುರಾಣಗಳ ಬಗ್ಗೆ ಬರೆದು, ಗಿಡಗಳನ್ನೂ ಒಣಗಿಸಿ ಜೋಡಿಸಿದ ಮನುಷ್ಯ ಅನ್ನೋದು ನೆನೆದ್ರೆ ನನಗೆ ನಿಜವಾಗ್ಲೂ ಗೌರವ ಉಕ್ಕುತ್ತೆ. ಲ್ಯಾಪ್‌ಲ್ಯಾಂಡ್‌ನ ಒಂದು ಕಾಡು ಗಸಗಸೆಗೆ ಅವರ ಹೆಸರೇ ಇದೆ.

ಈಗ ಮುಖ್ಯವಾದ ವಿಷಯ. ಅವರ ಪ್ರಸಂಗಗಳಲ್ಲಿ ಎರಡು ಎಳೆ ಗಮನಿಸಿ. ಒಂದು ಸಾರಾಯಿ, ಅದನ್ನ ಅವರು ಹರಿಯೋ ದೆವ್ವ ಅಂತ ಕರೀತಿದ್ರು. ಸಂತೆಯಲ್ಲಿ ವ್ಯಾಪಾರಿಗಳು ಕುಡಿಸಿ ಸಾಮಿ ಕುಟುಂಬಗಳನ್ನ ಹಾಳು ಮಾಡೋದು ಕಣ್ಣೆದುರೇ ಇತ್ತು, ಆದ್ರೆ ಕುಡುಕನ ಮನೆಯಲ್ಲಿ ಹೆಂಡತಿ ಮಕ್ಕಳ ಗತಿ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡನೇದು ದೇವರನ್ನ ಅವರು ಚಿತ್ರಿಸೋ ರೀತಿ. ಸ್ವರ್ಗದ ಹೆತ್ತವರು ಅನ್ನೋ ಅರ್ಥದಲ್ಲಿ ಕರೀತಾರೆ, ಶಿಲುಬೆಯ ನೋವನ್ನ ಹೆರಿಗೆ ನೋವು ಅಂತಾರೆ, ಮಕ್ಕಳಿಗೆ ಎದೆಹಾಲು ಕೊಡೋ ದೇವರ ಬಗ್ಗೆ ಮಾತಾಡ್ತಾರೆ. ಆ ಕಾಲದ ಲೂಥರನ್ ಪಾದ್ರಿ ಬಾಯಲ್ಲಿ ಇದು ದೊಡ್ಡ ವಿಷಯ, ಇದನ್ನ ಓದುವಾಗ ಯೆಕ್‌ವಿಕ್‌ನ ಆ ತಾಯಿಯನ್ನ ಪಕ್ಕಕ್ಕಿಟ್ಟು ಓದೋಕೆ ನನ್ನಿಂದಂತೂ ಆಗಲ್ಲ.

ಹಾಗಂತ ಎಲ್ಲಾನೂ ಬಾಲ್ಯದ ತಲೆಗೆ ಕಟ್ಟಬೇಡಿ. 1839ರಲ್ಲಿ ದಡಾರದಿಂದ ಪುಟ್ಟ ಮಗ ಲೆವಿ ತೀರಿಹೋಗಿದ್ದು, 1844ರ ಆರಂಭದಲ್ಲಿ ಓಸೆಲೆಯಲ್ಲಿ ಮಿಲ್ಲಾ ಕ್ಲೆಮೆಂಟ್ಸ್‌ಡಾಟರ್ ಅನ್ನೋ ಸಾಮಿ ಹುಡುಗಿಯ ಜೊತೆ ಆದ, ಅವರ ನಂಬಿಕೆಗೇ ತಿರುವು ಕೊಟ್ಟ ಮಾತುಕತೆ, ಇವೆರಡೂ ಇಲ್ಲದೆ ಉಜ್ಜೀವನದ ಕಥೆ ಪೂರ್ತಿ ಆಗಲ್ಲ. ಮಿಲ್ಲಾ ಕೂಡ ಕಷ್ಟದ ಬಾಲ್ಯ ಕಂಡವಳೇ. 1849ರಲ್ಲಿ ಪಾಯಲ ಅನ್ನೋ ಊರಿನ ಸಭೆಗೆ ವರ್ಗ, 1861ರಲ್ಲಿ ಅಲ್ಲೇ ನಿಧನ, ಇದಿಷ್ಟು ಸಾಕು ಇಲ್ಲಿಗೆ.

ಇನ್ನೊಂದು, ತಮ್ಮ ಪೇಟ್ರುಸ್‌ನ ಬಿಟ್ಟುಬಿಡ್ಬೇಡಿ. ಅದೇ ಮನೆ, ಅದೇ ಅಪ್ಪ, ಅದೇ ಅಣ್ಣನ ಪಾಠ, ಅವನೂ ಪಾದ್ರಿ ಆದ, ಲ್ಯಾಪ್‌ಲ್ಯಾಂಡ್‌ನಲ್ಲಿ ಮಿಷನರಿಯಾಗಿ ಓಡಾಡಿದ, ಆ ದಿನಗಳ ದಿನಚರಿ 1831 ಮತ್ತು 1833ರಲ್ಲಿ ಅಚ್ಚಾಯ್ತು. 1841ರಲ್ಲೇ ತೀರಿಕೊಂಡ, ಅಣ್ಣನ ಉಜ್ಜೀವನ ಅವನು ನೋಡಲೇ ಇಲ್ಲ. ಒಂದೇ ಬಾಲ್ಯದಿಂದ ಇಬ್ಬರು ಏನೇನು ತಗೊಂಡ್ರು ಅಂತ ಪ್ರಶ್ನೆ ಹಾಕ್ಕೊಂಡು ಓದಿ, ಸೆಮಿನಾರ್‌ಗೆ ಒಳ್ಳೆ ವಿಷಯ ಆಗುತ್ತೆ.