ರಿಪೋರ್ಟಲ್ಲಿ 'ಸೆನ್ಸಿಟಿವ್', ಮೂಳೆಯಲ್ಲಿ ಮಾತ್ರ ಕೀವು ನಿಲ್ತಾ ಇಲ್ಲ

ಮೂಳೆಗೆ ರಾಡೋ ಪ್ಲೇಟೋ ಹಾಕಿದ ಮೇಲೆ ಇನ್ಫೆಕ್ಷನ್ ಆದ್ರೆ ಒಂದು ವಿಚಿತ್ರ ನಡೆಯುತ್ತೆ. ಕೀವನ್ನ ಕಲ್ಚರ್‌ಗೆ, ಅಂದ್ರೆ ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋಕೆ ಕಳಿಸ್ತಾರೆ, ಬ್ಯಾಕ್ಟೀರಿಯಾ ಇಂಥ ಔಷಧಿಗೆ ಸೆನ್ಸಿಟಿವ್, ಅಂದ್ರೆ ಅದಕ್ಕೆ ಸಾಯುತ್ತೆ ಅಂತ ರಿಪೋರ್ಟ್ ಬರುತ್ತೆ, ಅದನ್ನೇ ವಾರಗಟ್ಟಲೆ ಕೊಡ್ತಾರೆ, ಗಾಯಾನೂ ಒಣಗುತ್ತೆ, ಸದ್ಯ ಮುಗೀತಪ್ಪಾ ಅಂತ ಮಾತ್ರೆ ನಿಲ್ಲಿಸಿದ ಸ್ವಲ್ಪ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಸೋರೋಕೆ ಶುರು. ಲ್ಯಾಬ್‌ನವರು ತಪ್ಪು ಮಾಡಿದ್ರಾ ಅಂದ್ರೆ ಅಲ್ಲ. ಅವರು ಟೆಸ್ಟ್ ಮಾಡಿದ್ದು ಬಿಡಿಬಿಡಿಯಾಗಿ ಬೆಳೀತಿರೋ ಬ್ಯಾಕ್ಟೀರಿಯಾನ, ಒಳಗಿರೋದು ಲೋಹಕ್ಕೆ ಅಂಟ್ಕೊಂಡು ಮೈತುಂಬ ಲೋಳೆ ಹೊದ್ದು ಗುಂಪಾಗಿ ಕೂತಿರೋದು. ಅದೇ ಬಯೋಫಿಲ್ಮ್.

ಇದರ ಸುಳಿವು ತುಂಬ ಹಳೇದು. 1680ರ ದಶಕದಲ್ಲೇ ಲೀವೆನ್‌ಹುಕ್ ಅನ್ನೋ ಡಚ್ ವ್ಯಾಪಾರಿ ತನ್ನ ಹಲ್ಲಿನ ಪಾಚಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದ, ವಿನೆಗರ್ ಹಾಕಿದ್ರೆ ಹೊರಗಿನ ಜೀವಿಗಳು ಸಾಯ್ತವೆ, ಪಾಚಿಯೊಳಗೆ ಇರೋವು ಬದುಕ್ತವೆ ಅಂತ ಬರೆದೂ ಇಟ್ಟಿದ್ದ. ಯಾರೂ ತಲೆಕೆಡಿಸ್ಕೊಳ್ಳಲಿಲ್ಲ ಅನ್ಸುತ್ತೆ.

ಆಮೇಲೆ 1865ರಲ್ಲಿ ಗಾಯದ ಕ್ರಿಮಿ ಕೊಲ್ಲೋಕೆ ಸರ್ಜನ್ ಲಿಸ್ಟರ್ ಬಳಸಿದ ಕಾರ್ಬಾಲಿಕ್ ಆಸಿಡ್, 1928ರಲ್ಲಿ ಪೆನಿಸಿಲಿನ್, ಇನ್ನೇನು ಗೆದ್ವಿ ಅಂತ ಎಲ್ಲರೂ ಅಂದ್ಕೊಂಡಿದ್ದೇ. ಆದ್ರೆ 1944ರಲ್ಲೇ ಜೋಸೆಫ್ ಬಿಗ್ಗರ್ ಅನ್ನೋ ಡಾಕ್ಟರು ಪೆನಿಸಿಲಿನ್ ಎಷ್ಟೇ ಸುರಿದ್ರೂ ಕೀವು ಮಾಡೋ ಸ್ಟಫಿಲೊಕಾಕಸ್ ಬ್ಯಾಕ್ಟೀರಿಯಾ ಒಂದಿಷ್ಟು ಉಳ್ಕೊಳ್ಳುತ್ತೆ ಅನ್ನೋದನ್ನ ಗಮನಿಸಿದ್ರು. ಮಜಾ ಏನಂದ್ರೆ ಉಳಿದವನ್ನ ಮತ್ತೆ ಬೆಳೆಸಿದ್ರೆ ಆ ಮರಿಗಳು ಪೆನಿಸಿಲಿನ್‌ಗೆ ಸಲೀಸಾಗಿ ಸಾಯ್ತವೆ. ಅಂದ್ರೆ ಜೀನ್ ಬದಲಾಗಿರಲಿಲ್ಲ, ಅವು ಸುಮ್ನೆ ಮಲಗಿದ್ವು. ಪೆನಿಸಿಲಿನ್ ಕೊಲ್ಲೋದು ಗೋಡೆ ಕಟ್ಕೊಂಡು ಬೆಳೀತಿರೋ ಬ್ಯಾಕ್ಟೀರಿಯಾನ, ಕೆಲಸಾನೇ ನಿಲ್ಲಿಸಿ ಬಿದ್ಕೊಂಡಿರೋದಕ್ಕೆ ಅದು ಏನು ತಾನೇ ಮಾಡೀತು? ಬಯೋಫಿಲ್ಮ್‌ನ ತಳದಲ್ಲಿ ಆಕ್ಸಿಜನ್ ಇಲ್ಲ, ಊಟ ಇಲ್ಲ, ಹಾಗಾಗಿ ಅಲ್ಲಿ ಇಂಥ ಮಲಗಿರೋವೇ ಜಾಸ್ತಿ. ಲೋಳೆ ಔಷಧಿನ ತಡೆಯುತ್ತೆ ಅಂತಷ್ಟೇ ಹೇಳಿ ಮುಗಿಸ್ತಾರಲ್ಲ, ಅದು ಅರ್ಧ ಕತೆ.

ಹೀಗೆ ಮಲಗಿ ಉಳ್ಕೊಳ್ಳೋದು ಬೇರೆ, 1961ರಲ್ಲಿ ವರದಿಯಾದ ಎಂಆರ್‌ಎಸ್‌ಎ (ಮೆಥಿಸಿಲಿನ್ ಅನ್ನೋ ಆಂಟಿಬಯೋಟಿಕ್‌ಗೆ ಜಗ್ಗದ ಸ್ಟಫಿಲೊಕಾಕಸ್) ಬೇರೆ. ಅದರಲ್ಲಿ ಜೀನೇ ಬದಲಾಗಿ ಮೆಥಿಸಿಲಿನ್ ನಾಟಲ್ಲ, ಅದು ರಿಪೋರ್ಟಲ್ಲೂ ಕಾಣುತ್ತೆ. ಎರಡೂ ಒಂದೇ ಕಡೆ ಸೇರ್ಕೊಂಡ್ರೆ ಡಾಕ್ಟರಿಗೂ ತಲೆನೋವು, ರೋಗಿಗೂ.

ಲೋಹದಂಥ ಹೊರಗಿನ ವಸ್ತು ಮೈಯೊಳಗಿದ್ರೆ ಯಾಕೆ ಇಷ್ಟು ಅಪಾಯ ಅನ್ನೋದಕ್ಕೆ 1957ರ ಒಂದು ಪ್ರಯೋಗ ನೋಡಿ. ಎಲೆಕ್ ಮತ್ತು ಕೊನೆನ್ ಅನ್ನೋರು ಸ್ವಯಂಸೇವಕರ ಚರ್ಮದಲ್ಲಿ ಟೆಸ್ಟ್ ಮಾಡಿದ್ರು, ಬರೀ ಚರ್ಮದಲ್ಲಿ ಕೀವಾಗೋಕೆ ದಶಲಕ್ಷಗಟ್ಟಲೆ ಸ್ಟಫಿಲೊಕಾಕಸ್ ಬೇಕಾಯ್ತು, ಒಂದು ರೇಷ್ಮೆ ದಾರ ಹೊಲಿದಿದ್ರೆ ಕೆಲವು ನೂರು ಸಾಕಾಯ್ತು. ಬರೀ ದಾರಕ್ಕೇ ಹೀಗಾದ್ರೆ ಲೋಹದ ಇಡೀ ಸೊಂಟದ ಕೀಲು ಹಾಕಿದ್ರೆ?

1978ರಲ್ಲಿ ಬಿಲ್ ಕಾಸ್ಟರ್ಟನ್ ಅನ್ನೋ ವಿಜ್ಞಾನಿ ಬ್ಯಾಕ್ಟೀರಿಯಾ ಹೆಂಗೆ ಅಂಟ್ಕೊಳ್ತವೆ ಅಂತ ವಿವರವಾಗಿ ಬರೆದ ಮೇಲೆ ಚಿತ್ರ ಸ್ಪಷ್ಟ ಆಗ್ತಾ ಬಂತು. 1987ರಲ್ಲಿ ಮೂಳೆ ಸರ್ಜನ್ ಆಂಟನಿ ಗ್ರಿಸ್ಟಿನಾ ಇದನ್ನ ಓಟದ ಪಂದ್ಯ ಅಂದ್ರು: ಇಂಪ್ಲಾಂಟ್ (ಒಳಗೆ ಹಾಕಿದ ರಾಡು, ಪ್ಲೇಟು, ಕೀಲು) ಮೇಲೆ ನಮ್ಮ ಜೀವಕೋಶ ಮೊದಲು ಕೂತ್ರೆ ನಾವು ಗೆದ್ವಿ, ಬ್ಯಾಕ್ಟೀರಿಯಾ ಕೂತ್ರೆ ಅವು.

ಔಷಧಿ ಕಡೆಯಿಂದ ದೊಡ್ಡ ಸಮಾಧಾನ ಬಂದಿದ್ದು 1998ರಲ್ಲಿ, ಅದೂ ಟಿಬಿಗೆ ಕೊಡೋ ರಿಫಾಂಪಿಸಿನ್‌ನಿಂದ. ಸ್ವಿಟ್ಜರ್ಲೆಂಡಲ್ಲಿ ಜಿಮ್ಮರ್ಲಿ ತಂಡ ಬರೀ 33 ರೋಗಿಗಳ ಮೇಲೆ ಮಾಡಿದ ಟ್ರಯಲ್, ಇಂಪ್ಲಾಂಟ್ ತೆಗೀದೇ, ಕ್ಲೀನ್ ಮಾಡಿ, ಒಂದು ಗುಂಪಿಗೆ ಸಿಪ್ರೊಫ್ಲಾಕ್ಸಸಿನ್ ಅನ್ನೋ ಆಂಟಿಬಯೋಟಿಕ್ ಜೊತೆ ಇದನ್ನೂ ಕೊಟ್ರು. ಚಿಕಿತ್ಸೆ ಪೂರ್ತಿ ಮುಗಿಸಿದವರನ್ನ ನೋಡಿದ್ರೆ ಆ ಗುಂಪಲ್ಲಿ ಎಲ್ಲರಿಗೂ ವಾಸಿ ಆಯ್ತು, ರಿಫಾಂಪಿಸಿನ್ ಇಲ್ಲದ ಗುಂಪಲ್ಲಿ 58% ಅಷ್ಟೇ. ಆದ್ರೆ ಇದನ್ನ ಒಂಟಿಯಾಗಿ ಕೊಟ್ರೆ ಬ್ಯಾಕ್ಟೀರಿಯಾ ಬೇಗ ರೆಸಿಸ್ಟೆಂಟ್ ಆಗ್ಬಿಡುತ್ತೆ, ಅದಕ್ಕೇ ಜೊತೆಗೆ ಇನ್ನೊಂದು ಔಷಧಿ ಬೇಕೇ ಬೇಕು. ಹಳೇ ಇನ್ಫೆಕ್ಷನ್ ಆದ್ರೆ, ಬಯೋಫಿಲ್ಮ್ ಬಲಿತುಬಿಟ್ಟಿದ್ರೆ, ಸಾಮಾನ್ಯವಾಗಿ ಲೋಹ ತೆಗೆಯೋದೇ ದಾರಿ.

ತೆಗೆದ್ರೂ ಕೆಲವು ಸಲ ಮುಗಿಯಲ್ಲ. 2017ರಲ್ಲಿ ಇಲಿ ಮೂಳೆನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿದಾಗ ಸ್ಟಫಿಲೊಕಾಕಸ್ ಆರಿಯಸ್ ತನ್ನ ಮೈನ ಹಿಂಡ್ಕೊಂಡು, ಮೂಳೆಯೊಳಗಿರೋ, ತನಗಿಂತ ಸಣ್ಣ ಸಣ್ಣ ಕಾಲುವೆಗಳ ಒಳಗೆ ತೂರ್ಕೊಂಡಿದ್ದು ಕಾಣಿಸ್ತು, ಬಿಳಿ ರಕ್ತಕಣ ಅಲ್ಲಿಗೆ ಹೋಗೋಕೇ ಆಗಲ್ಲ. ಸರ್ಜನ್‌ಗಳು ಸತ್ತ ಮೂಳೆನ ರಕ್ತ ಜಿನುಗೋ ತನಕ ಕೆರೆದು ತೆಗೀತಾರಲ್ಲ, ಕಾಲುವೆಯಲ್ಲಿ ಕೂತಿರೋ ಇವೂ ಅದರ ಜೊತೆ ಹೋಗ್ಬೇಕು.