ಸ್ಟಿಯರಿಂಗ್ ನಡುಗಿದರೆ ಗಾಡಿ ನಿಲ್ಲಿಸಿ

ಹೋದ ತಿಂಗಳು ಬೆಂಗಳೂರಿಂದ ಮೈಸೂರಿಗೆ ಹೊರಟಿದ್ದೆ. ಬಿಡದಿ ದಾಟುತ್ತಿದ್ದಂತೆ ಸ್ಟಿಯರಿಂಗ್ ಸಣ್ಣಗೆ ನಡುಗತೊಡಗಿತು, ರಸ್ತೆಯೇ ಹಾಗಿರಬೇಕು ಅಂದುಕೊಂಡು ಓಡಿಸಿದೆ. ರಾಮನಗರದಲ್ಲಿ ಪಂಕ್ಚರ್ ಅಂಗಡಿಯವರು ಟೈರಿನ ಒಳಮಗ್ಗುಲಿಗೆ ಕೈಯಾಡಿಸಿ "ಇಲ್ಲಿ ನೋಡಿ ಸಾರ್, ಉಬ್ಬಿದೆ" ಅಂದಾಗ ಎದೆ ಧಸಕ್ಕೆಂದಿತು. ಒಳಗಿನ ದಾರಗಳು ಕಿತ್ತುಹೋಗಿದ್ದವು. ಅಲ್ಲಿ ಗಾಳಿಯನ್ನು ತಡೆದಿದ್ದು ಬರೀ ರಬ್ಬರ್.

ಟೈರ್ ಹೋಗುವ ಮುಂಚೆ ಎಷ್ಟೋ ಸಲ ಹೀಗೆ ನಡುಗಿ ಹೇಳುತ್ತದೆ. 2005ರ ಮೇನಲ್ಲಿ, ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಫಾರ್ಮುಲಾ ಒನ್ ಕಾರ್ ರೇಸಿನಲ್ಲಿ ಡ್ರೈವರ್ ಕಿಮಿ ರೈಕೋನೆನ್ ಮುಂದಿದ್ದರು. ಬ್ರೇಕ್ ಲಾಕ್ ಆಗಿ ಮುಂದಿನ ಬಲಗಡೆ ಟೈರ್ ಒಂದೇ ಜಾಗದಲ್ಲಿ ಉಜ್ಜಿ ಚಪ್ಪಟೆಯಾಯಿತು. 300 ಕಿ.ಮೀ. ವೇಗದಲ್ಲಿ ಆ ಚಕ್ರ ಸೆಕೆಂಡಿಗೆ ಸುಮಾರು 40 ಸುತ್ತು ಹಾಕುತ್ತದೆ, ಅಂದರೆ ಚಕ್ರವನ್ನು ಕಾರಿಗೆ ಹಿಡಿದಿಡುವ ಸಸ್ಪೆನ್ಷನ್‌ಗೆ ಸೆಕೆಂಡಿಗೆ 40 ಏಟು. ಆ ವರ್ಷದ ನಿಯಮದಲ್ಲಿ ರೇಸ್ ನಡುವೆ ಸುಮ್ನೆ ಟೈರ್ ಬದಲಿಸುವಂತಿರಲಿಲ್ಲ. ಓಡಿಸಿದರು. ಕೊನೆಯ ಸುತ್ತಿನ ಶುರುವಲ್ಲೇ ಸಸ್ಪೆನ್ಷನ್ ಮುರಿಯಿತು, ಹಿಂದಿದ್ದ ಅಲೊನ್ಸೊ ಗೆದ್ದರು.

ಮೂರೇ ವಾರಕ್ಕೆ ಅಮೆರಿಕದ ಇಂಡಿಯಾನಾಪೊಲಿಸ್ ರೇಸ್. ಅಲ್ಲಿಯ 13ನೇ ತಿರುವು ಒಳಕ್ಕೆ ವಾಲಿದೆ, ವೇಗವಾಗಿ ಹೋದಾಗ ಟೈರಿನ ಮೇಲೆ ಭಾರ ಇನ್ನೂ ಜಾಸ್ತಿ ಬೀಳುತ್ತದೆ. ಶುಕ್ರವಾರದ ಅಭ್ಯಾಸದಲ್ಲೇ ರಾಲ್ಫ್ ಶುಮಾಕರ್ ಅವರ ಹಿಂದಿನ ಎಡ ಟೈರ್ ಹೋಗಿ ಕಾರು ಗೋಡೆಗೆ ಬಡಿಯಿತು. ಆ ತಿರುವಿನಲ್ಲಿ ವೇಗ ತಗ್ಗಿಸದಿದ್ದರೆ ನಮ್ಮ ಟೈರ್ ಸುರಕ್ಷಿತವಲ್ಲ ಅಂತ ಮಿಷೆಲಿನ್ ಕಂಪನಿಯೇ ಹೇಳಿತು. ರೇಸಿನ ದಿನ ಆ ಟೈರ್ ಹಾಕಿದ್ದ 14 ಕಾರುಗಳೂ ಒಂದು ಸುತ್ತು ಹಾಕಿ ರೇಸ್ ಬಿಟ್ಟು ಒಳಗೆ ಬಂದವು, ಓಡಿದ್ದು ಆರೇ. ಜನ ಸಿಟ್ಟಾದರು. ನಮ್ಮ ನರೇನ್ ಕಾರ್ತಿಕೇಯನ್ 4ನೇ ಸ್ಥಾನಕ್ಕೆ ಬಂದರು, ಅದು ಖುಷಿಯ ಮಾತೇ, ಆದರೂ ಒಳಗೆ ಬಂದ ಆ 14 ಮಂದಿ ಮಾಡಿದ್ದೇ ಸರಿ ಅಂತ ನಾನು ಈಗಲೂ ಹೇಳುತ್ತೇನೆ.

ನಮ್ಮಲ್ಲಿ ಬೇಸಿಗೆ ಬಂತೆಂದರೆ ಕೆಲವರು ಗಾಳಿ ಕಮ್ಮಿ ಮಾಡಿಸುತ್ತಾರೆ, ಬಿಸಿಗೆ ಟೈರ್ ಒಡೆಯುತ್ತದೆ ಅಂತ. ಆಗುವುದು ಉಲ್ಟಾ. ಗಾಳಿ ಕಮ್ಮಿಯಾದಷ್ಟೂ ಟೈರಿನ ಮಗ್ಗುಲು ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಿಸಿಯಾಗಿ ಮುರಿಯುತ್ತದೆ ಅಲ್ವಾ, ಹಾಗೆ. 100 ಕಿ.ಮೀ. ವೇಗದಲ್ಲಿ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 14 ಸಲ ತಿರುಗುತ್ತದೆ, ಪ್ರತಿ ಸಲವೂ ಒಂದಿಷ್ಟು ಬಿಸಿ. ಕೊನೆಗೆ ರಬ್ಬರ್ ದಾರದಿಂದ ಬಿಟ್ಟುಕೊಳ್ಳುತ್ತದೆ.

ಎಷ್ಟು ಗಾಳಿ ಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲೇ ಇರುತ್ತದೆ. ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿಸಿ. ಸ್ಟೆಪ್ನಿಯನ್ನೂ.