ಗಾಳಿ ನಿಂತರೆ ಉರುಗ್ವೆಯಲ್ಲಿ ಕರೆಂಟ್ ಹೋಗಲ್ವಾ?

ಪ್ರಶ್ನೆ: ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಶೇ. 90ಕ್ಕಿಂತ ಜಾಸ್ತಿ ಕರೆಂಟ್ ನೀರು, ಗಾಳಿ, ಬಿಸಿಲು, ಮರದ ತ್ಯಾಜ್ಯದಿಂದಲೇ ಬರುತ್ತದಂತೆ. ಗಾಳಿ ಬೀಸದ ದಿನ ಏನು ಮಾಡುತ್ತಾರೆ?

ಉತ್ತರ: ಅಣೆಕಟ್ಟಿನ ನೀರು ಬಳಸುತ್ತಾರೆ. ಆ ನೀರು ಉಳಿದಿರುವುದೇ ಗಾಳಿಯ ದಯದಿಂದ.

ರಿಯೊ ನೀಗ್ರೊ ನದಿಗೆ ಒಂದರ ಕೆಳಗೊಂದು ಮೂರು ಅಣೆಕಟ್ಟುಗಳಿವೆ. ಎಲ್ಲಕ್ಕಿಂತ ಮೇಲಿನ ರಿಂಕೋನ್ ಡೆಲ್ ಬೊನೆಟೆಯ ಜಲಾಶಯ ತುಂಬಾ ದೊಡ್ಡದು. ಗಾಳಿ ಜೋರಾಗಿದ್ದಾಗ ಅಲ್ಲಿನ ಟರ್ಬೈನುಗಳಿಗೆ ನೀರು ಕಡಿಮೆ ಮಾಡುತ್ತಾರೆ. ಗಾಳಿ ಇಳಿದರೆ ಕೆಲವೇ ನಿಮಿಷಗಳಲ್ಲಿ ಉತ್ಪಾದನೆ ಏರಿಸಬಹುದು. ತಣ್ಣಗಾದ ಕಲ್ಲಿದ್ದಲು ಸ್ಥಾವರಕ್ಕೆ ಅದಕ್ಕೇ ಗಂಟೆಗಟ್ಟಲೆ ಬೇಕು.

ಮೊದಲು ಹೀಗಿರಲಿಲ್ಲ. ಸುಮಾರು 35 ಲಕ್ಷ ಜನರ ಈ ದೇಶದಲ್ಲಿ ಎಣ್ಣೆಯ ಬಾವಿಯೂ ಇಲ್ಲ, ಕಲ್ಲಿದ್ದಲ ಗಣಿಯೂ ಇಲ್ಲ. ಮಳೆ ಕೈಕೊಟ್ಟು ಅಣೆಕಟ್ಟು ಬತ್ತಿದ ವರ್ಷ ದುಬಾರಿ ಎಣ್ಣೆ ತರಿಸಿ ಸುಡಬೇಕಿತ್ತು, ಇಲ್ಲವೇ ನೆರೆಯವರಿಂದ ಕರೆಂಟ್ ಕೊಳ್ಳಬೇಕಿತ್ತು. 2004ರಲ್ಲಿ ಅರ್ಜೆಂಟೀನಾವೇ ಗ್ಯಾಸ್ ಕೊರತೆಗೆ ಸಿಕ್ಕಿ ರಫ್ತು ಕಡಿತ ಮಾಡಿತು. ನೆರೆಯವರನ್ನು ನಂಬಿ ಕೂರುವುದು ಕಷ್ಟ ಎಂದು ಆಗ ಗೊತ್ತಾಯಿತು.

2008ರಲ್ಲಿ ಭೌತವಿಜ್ಞಾನಿ ರಮೋನ್ ಮೆಂಡೆಸ್ ಇಂಧನ ಇಲಾಖೆಯ ನಿರ್ದೇಶಕರಾದರು. 2010ರಲ್ಲಿ ಸಂಸತ್ತಿನ ಎಲ್ಲ ಪಕ್ಷಗಳೂ ಗಾಳಿಯಂಥ ಮೂಲಗಳತ್ತ ಹೊರಳುವ ಅವರ ಯೋಜನೆಗೆ ಒಪ್ಪಿದವು. ನನ್ನ ಪ್ರಕಾರ ಇಡೀ ಕಥೆಯಲ್ಲಿ ದೊಡ್ಡ ಕೆಲಸ ಇದೇ. ಸರ್ಕಾರ ಬದಲಾದರೂ ಒಪ್ಪಂದ ಮುರಿಯುವುದಿಲ್ಲ ಎಂಬ ಧೈರ್ಯ ಇಲ್ಲದಿದ್ದರೆ ಗಾಳಿಯಂತ್ರಕ್ಕೆ ದುಡ್ಡು ಸುರಿಯುವವರು ಯಾರು? ಸರ್ಕಾರಿ ವಿದ್ಯುತ್ ಕಂಪನಿ ಯುಟಿಇ ಹರಾಜು ಕರೆಯಿತು. ಗೆದ್ದವರ ಕರೆಂಟನ್ನು 20 ವರ್ಷ ನಿಗದಿತ ದರದಲ್ಲಿ ಕೊಳ್ಳುವುದಾಗಿ ಬರೆದುಕೊಟ್ಟಿತು. ಹತ್ತು ವರ್ಷ ಕಳೆಯುವುದರೊಳಗೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕರೆಂಟ್ ಗಾಳಿಯಿಂದಲೇ ಬರತೊಡಗಿತು. ಬಿಸಿಲಿನ ಪಾಲು ಇನ್ನೂ ಚಿಕ್ಕದು. ನೀಲಗಿರಿ ಮರದಿಂದ ಕಾಗದದ ತಿರುಳು ಮಾಡುವ ಕಾರ್ಖಾನೆಗಳು ಉಳಿದ ಕಪ್ಪು ದ್ರವವನ್ನು ಸುಟ್ಟು ತಾವೂ ಒಂದಿಷ್ಟು ಕೊಡುತ್ತವೆ.

ಬರ ಬಂದರೆ? 2023ರಲ್ಲಿ ಬಂದೇ ಬಂತು. ರಾಜಧಾನಿ ಮೊಂಟೆವಿಡಿಯೊದ ನಲ್ಲಿಗಳಲ್ಲಿ ಉಪ್ಪುನೀರು ಬರುವಷ್ಟು ಕೆಟ್ಟ ಬರ. ಜಲವಿದ್ಯುತ್ ಕುಸಿಯಿತು, ಗಾಳಿಯಂತ್ರಗಳು ತಿರುಗುತ್ತಲೇ ಇದ್ದವು. ಸಾಲದ್ದನ್ನು ಎಣ್ಣೆಯ ಸ್ಥಾವರಗಳಿಂದಲೂ ಬ್ರೆಜಿಲ್‌ನಂಥ ನೆರೆದೇಶಗಳಿಂದಲೂ ತುಂಬಿಸಿಕೊಂಡರು. ಅದಕ್ಕೇ ಆ ಸ್ಥಾವರಗಳನ್ನು ಅವರು ಇವತ್ತಿಗೂ ಕಿತ್ತುಹಾಕಿಲ್ಲ.